ಪರದೆ ಕಪ್ಪಾದರೆ ಮೊದಲು ಎಲ್ಲಿ ನೋಡಬೇಕು: ಲಿನಕ್ಸ್‌ನಲ್ಲಿ ಗ್ರಾಫಿಕ್ಸ್ ಡ್ರೈವರ್ ತೊಂದರೆ ಹುಡುಕುವ ಬಗೆ

ಒಂದು ಸಭೆಯಲ್ಲಿ ಮಾತಾಡಿದ್ದನ್ನೇ ಸ್ವಲ್ಪ ತಿದ್ದಿ ಇಲ್ಲಿ ಬರೆದಿದ್ದೇನೆ. ಕಮಾಂಡುಗಳನ್ನು ಬಾಯಲ್ಲಿ ಹೇಳಿದ ಹಾಗೇ ಕನ್ನಡದಲ್ಲಿ ಇಟ್ಟಿದ್ದೇನೆ. ಟೈಪ್ ಮಾಡುವಾಗ ಎಲ್ಲವೂ ಇಂಗ್ಲಿಷಿನ ಸಣ್ಣ ಅಕ್ಷರ.

ನಮಸ್ಕಾರ. ಅಪ್‌ಡೇಟ್ ಮಾಡಿ ರೀಸ್ಟಾರ್ಟ್ ಕೊಟ್ಟಿರಿ, ಲೋಗೋ ಬಂತು, ನಾಲ್ಕು ಸಾಲು ಅಕ್ಷರ ಓಡಿದವು, ಆಮೇಲೆ ಪರದೆ ಕಪ್ಪು. ಇಲ್ಲಿ ಕೂತಿರುವ ಬಹಳ ಜನಕ್ಕೆ ಇದು ಒಮ್ಮೆಯಾದರೂ ಆಗಿರುತ್ತದೆ. ಆಗ ಏನು ಮಾಡುತ್ತೇವೆ? ಫೋನ್ ತೆಗೆದು ಹುಡುಕುತ್ತೇವೆ, ಯಾರೋ ಬರೆದ ಕಮಾಂಡುಗಳು ಸಿಗುತ್ತವೆ, ಒಂದರ ಹಿಂದೆ ಒಂದು ಹೊಡೆಯುತ್ತಾ ಹೋಗುತ್ತೇವೆ. ಅದರಲ್ಲಿ ಒಂದು ಬೇರೆ ಡಿಸ್ಟ್ರೋಗೆ, ಅಂದರೆ ಉಬುಂಟು, ಫೆಡೋರಾ ಥರದ ಬೇರೊಂದು ಲಿನಕ್ಸ್ ಬಗೆಗೆ, ಬರೆದದ್ದು, ಇನ್ನೊಂದು ಎಷ್ಟೋ ವರ್ಷ ಹಳೆಯದು, ಮತ್ತೊಂದು ನಿಮ್ಮಲ್ಲಿ ಇಲ್ಲದೇ ಇರುವ ಕಾರ್ಡಿನದು. ಒಂದು ಗಂಟೆ ಕಳೆಯುವಷ್ಟರಲ್ಲಿ ಮೊದಲಿದ್ದ ತೊಂದರೆಯ ಜೊತೆ ನಾವೇ ತಂದುಕೊಂಡ ಇನ್ನೆರಡು ಸೇರಿರುತ್ತವೆ, ಯಾವುದರಿಂದ ಯಾವುದು ಆಯಿತು ಅಂತ ಹೇಳಲು ಯಾರಿಂದಲೂ ಆಗುವುದಿಲ್ಲ.

ಹಾಗಾಗಿ ನಾನು ಒತ್ತಿ ಹೇಳುವುದು ಇಷ್ಟು. ಏನನ್ನಾದರೂ ಬದಲಾಯಿಸುವ ಮೊದಲು ಚಿತ್ರ ಎಲ್ಲಿಯವರೆಗೆ ಬಂದು ಎಲ್ಲಿ ನಿಂತಿತು ಅಂತ ಕಂಡುಕೊಳ್ಳಿ. ಆಮೇಲೆ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಏನು ಮಾಡಿದಿರಿ ಅಂತ ಕಾಗದದಲ್ಲಿ ಬರೆದಿಡಿ. ಕಾಗದ ಯಾಕೆಂದರೆ, ಪರದೆ ಇಲ್ಲದಾಗ ಕಂಪ್ಯೂಟರಿನಲ್ಲಿ ಬರೆದದ್ದು ಸಿಗುವುದಿಲ್ಲ.

ಒಂದು ಚಿತ್ರದ ಹಿಂದೆ ಎಷ್ಟು ಭಾಗಗಳಿವೆ

ನಾವು ಗ್ರಾಫಿಕ್ಸ್ ಡ್ರೈವರ್ ಅಂತ ಒಂದೇ ಹೆಸರಲ್ಲಿ ಕರೆಯುತ್ತೇವೆ, ಒಳಗೆ ಹಲವು ಭಾಗಗಳಿವೆ. ಎಲ್ಲಕ್ಕಿಂತ ಕೆಳಗೆ ಕರ್ನಲ್, ಅಂದರೆ ಲಿನಕ್ಸ್‌ನ ತಿರುಳು ಭಾಗ, ಅದರ ಒಳಗಿನ ಡ್ರೈವರ್. ಇಂಟೆಲ್‌ಗೆ ಐ915, ಈಚಿನ ಚಿಪ್‌ಗಳಿಗೆ ಎಕ್ಸ್‌ಇ. ಎಎಂಡಿಗೆ ಎಎಂಡಿಜಿಪಿಯು, ಬಹಳ ಹಳೆಯ ಕಾರ್ಡುಗಳಿಗೆ ರೇಡಿಯಾನ್. ಎನ್ವಿಡಿಯಾಗೆ ಒಂದೋ ಕಂಪನಿಯದೇ ಡ್ರೈವರ್, ಇಲ್ಲವೇ ಸಮುದಾಯದವರು ಬರೆದ ನೂವೋ. ಮಾನಿಟರನ್ನು ಗುರುತಿಸುವುದು, ಅದಕ್ಕೆ ಸರಿಯಾದ ರೆಸಲ್ಯೂಶನ್ ಕೊಡುವುದು, ಚಿಪ್‌ನ ಮೆಮೊರಿ ನೋಡಿಕೊಳ್ಳುವುದು ಎಲ್ಲ ಈ ಭಾಗದ ಕೆಲಸ. ಮೊದಲು ರೆಸಲ್ಯೂಶನ್ ಹೊಂದಿಸುವ ಕೆಲಸವನ್ನು ಪರದೆ ಬಿಡಿಸುವ ಎಕ್ಸ್ ಸರ್ವರ್ ಅನ್ನುವ ಪ್ರೋಗ್ರಾಮೇ ಮಾಡುತ್ತಿತ್ತು. 2009ರ 2.6.29 ಕರ್ನಲ್‌ನಿಂದ, ಮೊದಲು ಇಂಟೆಲ್ ಚಿಪ್‌ಗಳಿಗೆ, ಅದು ಕರ್ನಲ್ ಒಳಗೆ ಬಂತು.

ಇದರ ಪಕ್ಕದಲ್ಲಿ ಫರ್ಮ್‌ವೇರ್ ಇದೆ. ಅದು ಡಿಸ್ಕಿನಲ್ಲಿ ಫೈಲಾಗಿ ಕೂತಿರುತ್ತದೆ, ಬೂಟ್ ಆಗುವಾಗ ಕರ್ನಲ್ ಅದನ್ನು ಎತ್ತಿ ಚಿಪ್‌ಗೆ ಕೊಡುತ್ತದೆ, ಆಮೇಲೆ ಅದು ಚಿಪ್ ಒಳಗೇ ಓಡುತ್ತದೆ. ಇದನ್ನು ಜನ ಮರೆತೇಬಿಡುತ್ತಾರೆ. ಕರ್ನಲ್ ಹೊಸದು, ಫರ್ಮ್‌ವೇರ್ ಪ್ಯಾಕೇಜ್ ಹಳೆಯದು ಅಂದರೆ ಕಾರ್ಡು ಏಳದೇ ಇರಬಹುದು.

ಮೇಲಿನ ಪದರದಲ್ಲಿ ಮೆಸಾ. ಬ್ರಯಾನ್ ಪಾಲ್ 1993ರಲ್ಲಿ ಶುರು ಮಾಡಿದ ಈ ಯೋಜನೆ ಇವತ್ತು ಇಂಟೆಲ್, ಎಎಂಡಿ, ನೂವೋ ಎಲ್ಲಕ್ಕೂ ಓಪನ್‌ಜಿಎಲ್ ಮತ್ತು ವಲ್ಕನ್, ಅಂದರೆ ಚಿತ್ರ ಬಿಡಿಸು ಅಂತ ಪ್ರೋಗ್ರಾಂಗಳು ಕಾರ್ಡಿಗೆ ಹೇಳುವ ಬಗೆಗಳನ್ನು, ಒದಗಿಸುತ್ತದೆ. ಎನ್ವಿಡಿಯಾ ಕಂಪನಿಯ ಡ್ರೈವರ್ ಹಾಕಿದ್ದರೆ ಈ ಜಾಗದಲ್ಲಿ ಅವರದೇ ಲೈಬ್ರರಿಗಳು. ಅದರ ಮೇಲೆ ಡೆಸ್ಕ್‌ಟಾಪ್ ಬಿಡಿಸುವ ಎಕ್ಸ್ ಅಥವಾ ವೇಲ್ಯಾಂಡ್, ಕೊನೆಗೆ ನೀವು ಬಳಸುವ ಅಪ್ಲಿಕೇಶನ್.

ಈಗ ಲಕ್ಷಣ ನೋಡಿ. ಪವರ್ ಒತ್ತಿದಾಗ ಮದರ್‌ಬೋರ್ಡಿನ ಲೋಗೋ ಕೂಡ ಬರುತ್ತಿಲ್ಲ ಅಂದರೆ ಲಿನಕ್ಸ್ ಇನ್ನೂ ಶುರುವೇ ಆಗಿಲ್ಲ. ಅದು ಕೇಬಲ್, ಮಾನಿಟರ್, ಸ್ಲಾಟ್, ಇಲ್ಲವೇ ಕಾರ್ಡು. ಡ್ರೈವರ್ ತಂಟೆಗೆ ಹೋಗಬೇಡಿ. ಯಾವ ಕರ್ನಲ್ ಬೂಟ್ ಮಾಡಬೇಕು ಅಂತ ಆರಿಸುವ ಗ್ರಬ್ ಮೆನು ಬಂತು, ಅಕ್ಷರಗಳೂ ಬಂದವು, ಆಮೇಲೆ ಅಕ್ಷರದ ಗಾತ್ರ ಬದಲಾಗುವ ಒಂದು ಗಳಿಗೆ ಇದೆಯಲ್ಲ, ಸರಿಯಾಗಿ ಅಲ್ಲೇ ಕಪ್ಪಾಯಿತು ಅಂದರೆ ಕರ್ನಲ್ ಡ್ರೈವರನ್ನೇ ಅನುಮಾನಿಸಿ. ಅಲ್ಲಿಯವರೆಗೆ ಚಿತ್ರ ಬರುತ್ತಿದ್ದದ್ದು ಮದರ್‌ಬೋರ್ಡಿನ ಸ್ವಂತ ಸಾಫ್ಟ್‌ವೇರ್ ಆದ ಯುಇಎಫ್‌ಐ ಸಿದ್ಧ ಮಾಡಿಟ್ಟ ಸರಳ ಫ್ರೇಮ್‌ಬಫರ್‌ನಿಂದ, ಅಂದರೆ ಪರದೆಯ ಚಿತ್ರ ಇರುವ ಮೆಮೊರಿಯಿಂದ, ಆ ಗಳಿಗೆಯಲ್ಲಿ ನಿಜವಾದ ಡ್ರೈವರ್ ಕೈಗೆ ತಗೊಳ್ಳುತ್ತದೆ. ಲಾಗಿನ್ ಪರದೆ ಬಂತು, ಪಾಸ್‌ವರ್ಡ್ ಕೊಟ್ಟರೆ ಮತ್ತೆ ಲಾಗಿನ್ ಪರದೆಗೇ ಬರುತ್ತದೆ ಅಂದರೆ ಕರ್ನಲ್ ಭಾಗ ಹೆಚ್ಚುಕಡಿಮೆ ಸರಿಯಿದೆ, ಲಾಗಿನ್ ಆದ ಮೇಲೆ ಶುರುವಾಗುವ ಡೆಸ್ಕ್‌ಟಾಪ್ ಸೆಶನ್ ಬೀಳುತ್ತಿದೆ. ಡಿಸ್ಕ್ ಪೂರ್ತಿ ತುಂಬಿದಾಗಲೂ ಹೀಗೇ ಆಗುತ್ತದೆ, ಅದನ್ನೂ ನೋಡಿಬಿಡಿ. ಒಂದೇ ಒಂದು ಗೇಮ್ ಮಾತ್ರ ಕೆಟ್ಟಿದೆ, ಉಳಿದದ್ದೆಲ್ಲ ಚೆನ್ನಾಗಿದೆ ಅಂದರೆ ಮೆಸಾ ಅಥವಾ ಆ ಗೇಮ್.

ಇನ್ನೊಂದು ಬಗೆ ಇದೆ, ಅದನ್ನು ತೊಂದರೆ ಅಂತಲೇ ಜನ ಗುರುತಿಸುವುದಿಲ್ಲ. ಡೆಸ್ಕ್‌ಟಾಪ್ ಬರುತ್ತದೆ, ಆದರೆ ವಿಂಡೋ ಎಳೆದರೆ ತಡವರಿಸುತ್ತದೆ, ಫ್ಯಾನ್ ಸುಮ್ನೆ ಓಡುತ್ತಲೇ ಇರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್ ವಿವರದ ಪುಟ ತೆಗೆದು ಗ್ರಾಫಿಕ್ಸ್ ಸಾಲು ಓದಿ. ಅಲ್ಲಿ ಎಲ್‌ಎಲ್‌ವಿಎಂಪೈಪ್ ಅಂತ ಇದ್ದರೆ ನಿಮ್ಮ ಕಾರ್ಡು ಕೆಲಸವನ್ನೇ ಮಾಡುತ್ತಿಲ್ಲ. ಎಲ್ಲ ಚಿತ್ರವನ್ನೂ ಸಿಪಿಯು ಬಿಡಿಸುತ್ತಿದೆ. ತಿಂಗಳುಗಟ್ಟಲೆ ಹೀಗೇ ಓಡಿಸಿ, ಲಿನಕ್ಸ್ ನಿಧಾನ ಅಂದುಕೊಂಡು ಬಿಟ್ಟು ಹೋದವರನ್ನು ನಾನು ನೋಡಿದ್ದೇನೆ. ನನಗೆ ನಿಜವಾಗಿ ಬೇಸರ ಆಗುವುದು ಇಂಥದ್ದಕ್ಕೆ, ಯಾಕೆಂದರೆ ಒಂದು ಸಾಲು ಓದಿದ್ದರೆ ಸಾಕಿತ್ತು.

ಒಳಗೆ ಹೋಗುವ ದಾರಿ

ಪರದೆ ಕಪ್ಪಾಗಿದೆ ಅಂದಕೂಡಲೇ ಸಿಸ್ಟಮ್ ಸತ್ತಿದೆ ಅಂತಲ್ಲ. ಕಂಟ್ರೋಲ್, ಆಲ್ಟ್, ಎಫ್3 ಮೂರನ್ನೂ ಒಟ್ಟಿಗೆ ಒತ್ತಿ ನೋಡಿ. ಅಕ್ಷರದ ಲಾಗಿನ್ ಬಂದರೆ ಅರ್ಧ ಗೆದ್ದಿರಿ. ಬರದಿದ್ದರೆ, ಮೊದಲೇ ಎಸ್‌ಎಸ್‌ಎಚ್ ಹಾಕಿಟ್ಟಿದ್ದರೆ, ಇನ್ನೊಂದು ಕಂಪ್ಯೂಟರಿನಿಂದ ಒಳಗೆ ಹೋಗಬಹುದು. ಇದನ್ನು ಕೆಡುವ ಮೊದಲೇ ಹಾಕಿಟ್ಟುಕೊಳ್ಳಿ.

ಎರಡೂ ಆಗದಿದ್ದರೆ ಗ್ರಬ್ ಮೆನುಗೆ ಹೋಗಿ. ಮೆನು ತಾನಾಗಿ ಕಾಣದಿದ್ದರೆ ಯುಇಎಫ್‌ಐ ಯಂತ್ರದಲ್ಲಿ ಎಸ್ಕೇಪ್, ಹಳೆಯ ಬಯೋಸ್‌ನಲ್ಲಿ ಶಿಫ್ಟ್ ಒತ್ತಬೇಕು. ಅಲ್ಲಿ ಮೊದಲು ಹಳೆಯ ಕರ್ನಲ್ ಆರಿಸಿ ನೋಡಿ. ಸಾಮಾನ್ಯವಾಗಿ ಡಿಸ್ಟ್ರೋಗಳು ಹಿಂದಿನ ಒಂದೆರಡು ಕರ್ನಲ್ ಉಳಿಸಿರುತ್ತವೆ. ನನ್ನ ಪ್ರಕಾರ ಇಷ್ಟು ಕಡಿಮೆ ಶ್ರಮಕ್ಕೆ ಇಷ್ಟು ಜಾಸ್ತಿ ತಿಳಿಸುವ ಪರೀಕ್ಷೆ ಇನ್ನೊಂದಿಲ್ಲ. ಹಳೆಯದರಲ್ಲಿ ಸರಿಯಾಗಿ ಬಂತು ಅಂದರೆ ಕಾರ್ಡು, ಕೇಬಲ್, ಮೆಸಾ, ಡೆಸ್ಕ್‌ಟಾಪ್ ಇಷ್ಟೂ ಒಂದೇ ಏಟಿಗೆ ಅನುಮಾನದಿಂದ ಹೊರಗೆ ಹೋದವು. ಉಳಿಯುವುದು ಎರಡೇ. ಹೊಸ ಕರ್ನಲ್‌ನಲ್ಲೇ ಏನೋ ಕೆಟ್ಟಿದೆ, ಇಲ್ಲವೇ ಹೊಸ ಕರ್ನಲ್‌ಗೆ ಬೇಕಾದ ಫರ್ಮ್‌ವೇರ್ ಇಲ್ಲ, ಅಥವಾ ಮಾಡ್ಯೂಲ್ (ಕರ್ನಲ್‌ಗೆ ಜೋಡಿಸುವ ಡ್ರೈವರ್ ತುಂಡು) ಅಥವಾ ಬೂಟ್ ಶುರುವಿಗೆ ಬೇಕಾದ ಫೈಲ್‌ಗಳ ಕಂತೆಯಾದ ಇನಿಟ್‌ರ‍್ಯಾಮ್‌ಎಫ್‌ಎಸ್ ಸರಿಯಾಗಿ ತಯಾರಾಗಿಲ್ಲ. ಬೂಟ್ ಪಾರ್ಟಿಶನ್ ಬೇರೆಯಾಗಿ ಇದ್ದವರು ಅದು ತುಂಬಿದೆಯಾ ನೋಡಿ. ಜಾಗ ಇಲ್ಲದೆ ಇನಿಟ್‌ರ‍್ಯಾಮ್‌ಎಫ್‌ಎಸ್ ಅರ್ಧಕ್ಕೇ ನಿಂತಿರುವುದು ತುಂಬಾ ಸಾಮಾನ್ಯ.

ಹಳೆಯ ಕರ್ನಲ್ ಕೂಡ ಬರಲಿಲ್ಲ ಅಂದರೆ ಆಗ ನೋಮೋಡ್‌ಸೆಟ್ ಅನ್ನುವ ಬೂಟ್ ಆಯ್ಕೆ. ಗ್ರಬ್ ಮೆನುವಿನಲ್ಲಿ ಇ ಒತ್ತಿ, ಲಿನಕ್ಸ್ ಅಂತ ಶುರುವಾಗುವ ಸಾಲಿನ ಕೊನೆಗೆ ಹೋಗಿ, ಒಂದು ಜಾಗ ಬಿಟ್ಟು ಈ ಪದ ಸೇರಿಸಿ, ಪದದ ಮಧ್ಯೆ ಎಲ್ಲೂ ಜಾಗ ಬಿಡಬೇಡಿ, ಎಫ್10 ಒತ್ತಿ. ಕರ್ನಲ್‌ನ ಗ್ರಾಫಿಕ್ಸ್ ಡ್ರೈವರ್‌ಗಳು ಕಾರ್ಡಿನ ತಂಟೆಗೆ ಹೋಗದೆ ಬೂಟ್ ಆಗುತ್ತದೆ. ಹೀಗೆ ಸೇರಿಸಿದ್ದು ಆ ಒಂದು ಬೂಟ್‌ಗೆ ಮಾತ್ರ, ಮುಂದಿನ ಸಲಕ್ಕೆ ಇರುವುದಿಲ್ಲ. ಇದನ್ನು ಶಾಶ್ವತವಾಗಿ ಸೇರಿಸಿ, ಸರಿಹೋಯಿತು ಅಂತ ಹೇಳುವ ಸಲಹೆಗಳು ಬಹಳ ಸಿಗುತ್ತವೆ. ದಯವಿಟ್ಟು ಹಾಗೆ ಮಾಡಬೇಡಿ. ಅದನ್ನು ಇಟ್ಟುಕೊಂಡರೆ ಸಿಗುವುದು ಸಿಪಿಯು ಬಿಡಿಸುವ ಚಿತ್ರ, ಎರಡನೇ ಮಾನಿಟರ್ ಇಲ್ಲ, ಲ್ಯಾಪ್‌ಟಾಪ್‌ನಲ್ಲಿ ಬ್ರೈಟ್‌ನೆಸ್ ಬದಲಾಗುವುದಿಲ್ಲ, ಸಸ್ಪೆಂಡ್ ಕೂಡ ಕೈಕೊಡಬಹುದು. ಒಳಗೆ ಹೋಗಿ ಲಾಗ್, ಅಂದರೆ ಸಿಸ್ಟಮ್ ಬರೆದಿಟ್ಟ ದಾಖಲೆ, ಓದುವುದಕ್ಕಷ್ಟೇ ಅದನ್ನು ಬಳಸಿ.

ಲಾಗ್ ಓದುವುದು

ಮೊದಲನೆಯ ಕಮಾಂಡು ಎಲ್‌ಎಸ್‌ಪಿಸಿಐ, ಜಾಗ ಬಿಟ್ಟು ಹೈಫನ್ ಕೆ. ಉದ್ದ ಪಟ್ಟಿ ಬರುತ್ತದೆ, ಅದರಲ್ಲಿ ವಿಜಿಎ ಅಥವಾ 3ಡಿ ಅಂತ ಇರುವ ಸಾಲು ಹುಡುಕಿ. ಕೆಳಗೆ, ಬಳಕೆಯಲ್ಲಿರುವ ಕರ್ನಲ್ ಡ್ರೈವರ್ ಯಾವುದು ಅಂತ ಹೆಸರು ಇರುತ್ತದೆ. ಆ ಸಾಲೇ ಇಲ್ಲ ಅಂದರೆ ಯಾವ ಡ್ರೈವರೂ ಕಾರ್ಡನ್ನು ಹಿಡಿದಿಲ್ಲ. ಎನ್ವಿಡಿಯಾ ಹಾಕಿದ್ದೇನೆ ಅಂತ ನೀವು ಅಂದುಕೊಂಡಿದ್ದು ಅಲ್ಲಿ ನೂವೋ ಅಂತ ಇದ್ದರೆ, ಹಾಕಿದ್ದು ಹತ್ತಿಲ್ಲ. ಕಾರ್ಡನ್ನು ಒಂದು ಸಲಕ್ಕೆ ಒಂದೇ ಡ್ರೈವರ್ ಹಿಡಿಯಬಹುದು, ಮೊದಲು ಬಂದದ್ದು ಹಿಡಿಯುತ್ತದೆ.

ಎರಡನೆಯದು ಹಿಂದಿನ ಬೂಟ್‌ನ ಲಾಗ್. ಜರ್ನಲ್‌ಸಿಟಿಎಲ್, ಹೈಫನ್ ಕೆ, ಹೈಫನ್ ಬಿ, ಹೈಫನ್ 1. ಹಳೆಯ ಕರ್ನಲ್ ಅಥವಾ ನೋಮೋಡ್‌ಸೆಟ್‌ನಿಂದ ಒಳಗೆ ಬಂದಿದ್ದರೆ ಈಗಿನದು ಸರಿಯಾಗಿ ಆದ ಬೂಟ್, ಅದರ ಲಾಗ್‌ನಲ್ಲಿ ಏನೂ ಸಿಗುವುದಿಲ್ಲ. ಕೆಟ್ಟದ್ದು ಅದರ ಹಿಂದಿನದು, ಆ ಹೈಫನ್ 1 ಇರುವುದು ಅದಕ್ಕೇ. ಎಫ್3 ಅಥವಾ ಎಸ್‌ಎಸ್‌ಎಚ್‌ನಿಂದ ಒಳಗೆ ಬಂದಿದ್ದರೆ ಕೆಟ್ಟದ್ದು ಈಗಿನ ಬೂಟೇ, ಆಗ ಹೈಫನ್ 1 ಬೇಡ. ಇಲ್ಲಿ ಎಲ್ಲರೂ ಕೊನೆಯ ಕೆಂಪು ಸಾಲಿಗೆ ಹೋಗುತ್ತಾರೆ. ಮೊದಲ ಕೆಂಪು ಸಾಲು ನೋಡಿ. ಫರ್ಮ್‌ವೇರ್ ಸಿಗಲಿಲ್ಲ ಅಂತ ಒಂದು ಸಾಲು ಬಂದಿರುತ್ತದೆ, ಅದರಿಂದಾಗಿ ಕಾರ್ಡು ಏಳುವುದಿಲ್ಲ, ಅದರಿಂದಾಗಿ ಲಾಗಿನ್ ಪರದೆ ತೋರಿಸುವ ಡಿಸ್‌ಪ್ಲೇ ಮ್ಯಾನೇಜರ್ ಬೀಳುತ್ತದೆ, ಅದು ಐದು ಸಲ ಮತ್ತೆ ಏಳಲು ನೋಡಿ ಸೋಲುತ್ತದೆ. ಕೊನೆಯ ಸಾಲು ಹಿಡಿದವರು ಡಿಸ್‌ಪ್ಲೇ ಮ್ಯಾನೇಜರನ್ನು ತೆಗೆದು ಹಾಕುತ್ತಾ ಕೂರುತ್ತಾರೆ.

ಎಎಂಡಿಯಲ್ಲಿ ರಿಂಗ್ ಟೈಮ್‌ಔಟ್ ಅಂತ ಕಂಡರೆ, ಕೊಟ್ಟ ಕೆಲಸವನ್ನು ಕಾರ್ಡು ಹೇಳಿದ ಸಮಯದಲ್ಲಿ ಮುಗಿಸಲಿಲ್ಲ, ಹಾಗಾಗಿ ಡ್ರೈವರ್ ಅದನ್ನು ರೀಸೆಟ್ ಮಾಡಲು ಹೋಗಿದೆ ಅಂತ ಅರ್ಥ. ಕಾರಣ ಮೆಸಾ ಇರಬಹುದು, ಗೇಮ್ ಇರಬಹುದು, ಹಾರ್ಡ್‌ವೇರ್ ಕೂಡ ಇರಬಹುದು. ಎನ್ವಿಡಿಯಾದಲ್ಲಿ ಎಕ್ಸ್‌ಐಡಿ ಅಂತ ಬಂದು ಪಕ್ಕದಲ್ಲಿ ಒಂದು ಸಂಖ್ಯೆ ಇರುತ್ತದೆ. ಆ ಸಂಖ್ಯೆ ಮುಖ್ಯ. 13, 31 ಬಂದರೆ ಬಹುತೇಕ ಸಲ ಆ ಹೊತ್ತಿನಲ್ಲಿ ಓಡುತ್ತಿದ್ದ ಪ್ರೋಗ್ರಾಂ ಕಡೆ ನೋಡಬೇಕು. 79 ಬಂದರೆ ಕಾರ್ಡು ಬಸ್‌ನಿಂದಲೇ, ಅಂದರೆ ಮದರ್‌ಬೋರ್ಡಿನ ಸಂಪರ್ಕದಿಂದಲೇ, ಕಳಚಿಕೊಂಡಿದೆ, ಕರ್ನಲ್‌ಗೆ ಅದು ಕಾಣುತ್ತಲೇ ಇಲ್ಲ. ಆಗ ಪವರ್ ಸಪ್ಲೈ, ಕಾರ್ಡಿಗೆ ಬರುವ ಪವರ್ ಕೇಬಲ್, ಸ್ಲಾಟ್, ಬಿಸಿ ಇವುಗಳನ್ನು ನೋಡಿ. 79 ಬರುವ ಯಂತ್ರದಲ್ಲಿ ಡ್ರೈವರ್ ಮೇಲೆ ಡ್ರೈವರ್ ಬದಲಾಯಿಸುತ್ತಾ ಹೋದರೆ ಸಮಯವಷ್ಟೇ ಹಾಳು.

ಎನ್ವಿಡಿಯಾ ಯಾಕೆ ಅಪ್‌ಡೇಟ್ ಆದ ಮೇಲೆಯೇ ಕೆಡುತ್ತದೆ

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಕಾರಣ ಗೊತ್ತಿದ್ದರೆ ಮದ್ದು ತಾನಾಗಿ ಹೊಳೆಯುತ್ತದೆ. ಪ್ರೋಗ್ರಾಂಗಳ ಜೊತೆ ಕರ್ನಲ್ ಇಟ್ಟುಕೊಂಡ ಒಪ್ಪಂದ ತುಂಬಾ ಗಟ್ಟಿ, ಹಳೆಯ ಪ್ರೋಗ್ರಾಂ ಹೊಸ ಕರ್ನಲ್ ಮೇಲೆ ಓಡಲೇಬೇಕು. ಆದರೆ ಕರ್ನಲ್ ಒಳಗಿನ ಭಾಗಗಳು ಒಂದಕ್ಕೊಂದು ಮಾತಾಡುವ ರೀತಿ ಯಾವಾಗ ಬೇಕಾದರೂ ಬದಲಾಗುತ್ತದೆ, ಅದು ಬೇಕಂತಲೇ ಹಾಗೆ ಇಟ್ಟದ್ದು. ಐ915, ಎಎಂಡಿಜಿಪಿಯು ಇವು ಕರ್ನಲ್ ಮರದ, ಅಂದರೆ ಕರ್ನಲ್‌ನ ಸೋರ್ಸ್ ಕೋಡಿನ, ಒಳಗೇ ಇವೆ. ಬದಲಾವಣೆ ಮಾಡಿದವರೇ ಅವುಗಳನ್ನೂ ತಿದ್ದುತ್ತಾರೆ. ಎನ್ವಿಡಿಯಾ ಡ್ರೈವರ್ ಮರದ ಹೊರಗಿದೆ. ಪ್ರತಿ ಹೊಸ ಕರ್ನಲ್‌ಗೂ ಅದರ ಮಾಡ್ಯೂಲ್ ಹೊಸದಾಗಿ ಕಟ್ಟಬೇಕು. 2022ರ ಮೇನಲ್ಲಿ ಕಂಪನಿ ತನ್ನ ಕರ್ನಲ್ ಮಾಡ್ಯೂಲ್‌ಗಳ ಸೋರ್ಸ್ ತೆರೆದಿಟ್ಟಿತು, ಟ್ಯೂರಿಂಗ್ ತಲೆಮಾರು ಮತ್ತು ಅದರ ನಂತರದ ಕಾರ್ಡುಗಳಿಗೆ ಅದು ನಡೆಯುತ್ತದೆ, ತುಂಬಾ ಒಳ್ಳೆಯ ಕೆಲಸ. ಆದರೂ ಆ ಮಾಡ್ಯೂಲ್ ಇವತ್ತಿಗೂ ಮರದ ಹೊರಗೇ ಇದೆ.

ಹೊಸದಾಗಿ ಕಟ್ಟುವ ಕೆಲಸವನ್ನು ಉಬುಂಟು, ಡೆಬಿಯನ್‌ಗಳಲ್ಲಿ ಡಿಕೆಎಂಎಸ್ ಮಾಡುತ್ತದೆ, ಫೆಡೋರಾದಲ್ಲಿ ಎಕೆಮಾಡ್ಸ್. ಕೆಲವು ಡಿಸ್ಟ್ರೋಗಳು ಕಟ್ಟಿದ್ದನ್ನೇ ಕೊಡುತ್ತವೆ. ಕಟ್ಟಲು ಆ ಕರ್ನಲ್‌ನ ಹೆಡರ್ ಪ್ಯಾಕೇಜ್ ಬೇಕು. ಕರ್ನಲ್ ಬಂತು, ಹೆಡರ್ ಬರಲಿಲ್ಲ ಅಂದರೆ ಮಾಡ್ಯೂಲ್ ಇಲ್ಲ, ಮಾಡ್ಯೂಲ್ ಇಲ್ಲ ಅಂದರೆ ಚಿತ್ರ ಇಲ್ಲ. ಡಿಕೆಎಂಎಸ್ ಸ್ಟೇಟಸ್ ಅಂತ ಕೊಟ್ಟರೆ ಯಾವ ಕರ್ನಲ್‌ಗೆ ಯಾವುದು ಕಟ್ಟಿದೆ ಅಂತ ಪಟ್ಟಿ ಬರುತ್ತದೆ. ನಿಮ್ಮ ಹೊಸ ಕರ್ನಲ್ ಹೆಸರು ಅದರಲ್ಲಿ ಇಲ್ಲದಿದ್ದರೆ ಉತ್ತರ ಸಿಕ್ಕಿತು. ಫೆಡೋರಾದವರಿಗೆ ಒಂದು ಮಾತು: ಡ್ರೈವರ್ ಇನ್‌ಸ್ಟಾಲ್ ಆಯಿತು ಅಂತ ಬಂದ ಕೂಡಲೇ ರೀಸ್ಟಾರ್ಟ್ ಮಾಡಬೇಡಿ. ಹಿಂದೆ ಇನ್ನೂ ಕಟ್ಟುವ ಕೆಲಸ ನಡೆಯುತ್ತಿರುತ್ತದೆ. ಮಾಡ್‌ಇನ್ಫೋ ಎನ್ವಿಡಿಯಾ ಅಂತ ಕೊಟ್ಟು ಆವೃತ್ತಿ ಸಂಖ್ಯೆ ಕಾಣುವವರೆಗೆ ಕಾಯಿರಿ.

ಮಾಡ್ಯೂಲ್ ಕಟ್ಟಿದೆ, ಆದರೂ ಲೋಡ್ ಆಗುತ್ತಿಲ್ಲ, ಕೀ ತಿರಸ್ಕರಿಸಲಾಗಿದೆ ಅನ್ನುವ ಅರ್ಥದ ಸಾಲು ಬರುತ್ತಿದೆ ಅಂದರೆ ಅದು ಸೆಕ್ಯೂರ್ ಬೂಟ್. ಈ ಭದ್ರತಾ ವ್ಯವಸ್ಥೆ ಆನ್ ಇದ್ದಾಗ, ಯಂತ್ರ ನಂಬುವ ಕೀಯಿಂದ ಸಹಿ ಆಗದ ಮಾಡ್ಯೂಲನ್ನು ಕರ್ನಲ್ ಒಳಗೆ ಬಿಡುವುದಿಲ್ಲ. ಇನ್‌ಸ್ಟಾಲ್ ಮಾಡುವಾಗ ಒಂದು ಪಾಸ್‌ವರ್ಡ್ ಕೇಳಿತ್ತು, ರೀಸ್ಟಾರ್ಟ್ ಆದಾಗ ನೀಲಿ ಪರದೆಯೊಂದು ಬಂದಿತ್ತು, ನೆನಪಿದೆಯಾ? ಅಲ್ಲಿ ಆ ಕೀಯನ್ನು ಸೇರಿಸುವ ಎನ್‌ರೋಲ್ ಎಂಒಕೆ ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕಿತ್ತು. ಬಹಳ ಜನ ಏನೋ ಎರರ್ ಅಂದುಕೊಂಡು ಎಂಟರ್ ಒತ್ತಿ ಮುಂದೆ ಹೋಗುತ್ತಾರೆ, ಅಥವಾ ಅದು ಕೆಲವು ಸೆಕೆಂಡ್ ಕಾದು ತಾನೇ ಹೋಗಿಬಿಡುತ್ತದೆ. ಸೆಕ್ಯೂರ್ ಬೂಟ್ ಆಫ್ ಮಾಡಿದರೂ ಡ್ರೈವರ್ ಬರುತ್ತದೆ. ಆದರೆ ಕೀ ಸೇರಿಸುವುದು ಎರಡು ನಿಮಿಷದ ಕೆಲಸ, ಅದನ್ನೇ ಮಾಡಿ.

ಡ್ರೈವರ್ ಮತ್ತು ಲೈಬ್ರರಿ ಆವೃತ್ತಿ ಹೊಂದುತ್ತಿಲ್ಲ ಅಂತ ಕಾರ್ಡಿನ ಸ್ಥಿತಿ ತೋರಿಸುವ ಎನ್ವಿಡಿಯಾ ಎಸ್‌ಎಂಐ ಕಮಾಂಡು ಹೇಳಿದರೆ ಗಾಬರಿ ಬೇಡ. ಅಪ್‌ಡೇಟ್ ಆಗಿ ಡಿಸ್ಕಿನಲ್ಲಿ ಹೊಸ ಲೈಬ್ರರಿ ಬಂದಿದೆ, ಮೆಮೊರಿಯಲ್ಲಿ ಹಳೆಯ ಮಾಡ್ಯೂಲ್ ಓಡುತ್ತಿದೆ. ರೀಸ್ಟಾರ್ಟ್ ಮಾಡಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಡಿಸ್ಟ್ರೋದಿಂದ ಬೇರೆಯಾಗಿ ಬರುವ ಫ್ಲಾಟ್‌ಪ್ಯಾಕ್ ಅಪ್ಲಿಕೇಶನ್‌ಗಳಿಗೂ ಇದೇ ಕಥೆ. ಅವು ಎನ್ವಿಡಿಯಾ ಲೈಬ್ರರಿಯ ತಮ್ಮದೇ ಪ್ರತಿ ಇಟ್ಟುಕೊಳ್ಳುತ್ತವೆ, ಅದರ ಆವೃತ್ತಿ ಸಿಸ್ಟಮ್‌ನ ಡ್ರೈವರ್ ಜೊತೆ ಹೊಂದಬೇಕು. ಡ್ರೈವರ್ ಅಪ್‌ಡೇಟ್ ಆದಾಗ ಫ್ಲಾಟ್‌ಪ್ಯಾಕ್ ಅಪ್‌ಡೇಟ್ ಕೂಡ ಕೊಡಿ.

ಹೊಸ ಕಾರ್ಡು, ಹಳೆಯ ಡಿಸ್ಟ್ರೋ

ಎಎಂಡಿ, ಇಂಟೆಲ್‌ನವರಿಗೆ ಬರುವ ಮುಖ್ಯ ತೊಂದರೆ ಬೇರೆ ಥರದ್ದು. ಡ್ರೈವರ್ ಕರ್ನಲ್ ಒಳಗೇ ಇದೆ ಅನ್ನುವುದು ದೊಡ್ಡ ಅನುಕೂಲ. ಆದರೆ ಕಾರ್ಡು ನಿಮ್ಮ ಕರ್ನಲ್‌ಗಿಂತ ಆಮೇಲೆ ಹುಟ್ಟಿದ್ದರೆ ಆ ಕರ್ನಲ್‌ಗೆ ಅದು ಗೊತ್ತೇ ಇರುವುದಿಲ್ಲ, ಅಲ್ವಾ? ಹೊಸ ಕಾರ್ಡಿಗೆ ಕರ್ನಲ್, ಫರ್ಮ್‌ವೇರ್, ಮೆಸಾ ಮೂರೂ ಹೊಸದಿರಬೇಕು. ಕರ್ನಲ್ ಒಂದನ್ನೇ ಎಲ್ಲಿಂದಲೋ ತಂದು ಹಾಕಿ, ಉಳಿದೆರಡನ್ನು ಹಳೆಯದೇ ಇಟ್ಟುಕೊಂಡವರು ಅರ್ಧ ದಾರಿಯಲ್ಲಿ ನಿಲ್ಲುತ್ತಾರೆ. ದೀರ್ಘಕಾಲದ ಬೆಂಬಲದ ಉಬುಂಟು ಇದ್ದರೆ ಅದರಲ್ಲೇ ಹೊಸ ಹಾರ್ಡ್‌ವೇರಿಗೆ ಅಂತ ಎಚ್‌ಡಬ್ಲ್ಯೂಇ ಕರ್ನಲ್ ಇದೆ, ಜೊತೆಗೆ ಮೆಸಾ ಕೂಡ ಮುಂದೆ ಹೋಗುತ್ತದೆ. ಡೆಬಿಯನ್‌ನಲ್ಲಿ ಹೊಸ ಆವೃತ್ತಿಯ ಪ್ಯಾಕೇಜುಗಳು ಸಿಗುವ ಬ್ಯಾಕ್‌ಪೋರ್ಟ್ಸ್ ನೋಡಿ. ಡೆಬಿಯನ್ ತನ್ನ ಅಧಿಕೃತ ಇನ್‌ಸ್ಟಾಲರಿನಲ್ಲಿ ಮುಕ್ತವಲ್ಲದ ಫರ್ಮ್‌ವೇರ್ ಸೇರಿಸಲು ಶುರು ಮಾಡಿದ್ದು 2023ರ 12ನೇ ಆವೃತ್ತಿಯಿಂದ. ಅದಕ್ಕೂ ಹಳೆಯದರಿಂದ ಅಪ್‌ಗ್ರೇಡ್ ಮಾಡುತ್ತಾ ಬಂದಿದ್ದರೆ ರೆಪಾಸಿಟರಿ (ಪ್ಯಾಕೇಜುಗಳು ಬರುವ ಮೂಲ) ಪಟ್ಟಿಯಲ್ಲಿ ಆ ಫರ್ಮ್‌ವೇರ್‌ನ ವಿಭಾಗ ಇದೆಯಾ ಅಂತ ಒಮ್ಮೆ ನೋಡಿ.

ಎರಡು ಜಿಪಿಯು, ಅಂದರೆ ಎರಡು ಗ್ರಾಫಿಕ್ಸ್ ಚಿಪ್, ಇರುವ ಲ್ಯಾಪ್‌ಟಾಪ್‌ಗಳ ಬಗ್ಗೆ ಒಂದೇ ವಿಷಯ ಹೇಳುತ್ತೇನೆ. ಕೆಲವು ಮಾಡೆಲ್‌ಗಳಲ್ಲಿ ಎಚ್‌ಡಿಎಂಐ ಪೋರ್ಟಿನ ತಂತಿ ನೇರವಾಗಿ ಎನ್ವಿಡಿಯಾ ಚಿಪ್‌ಗೇ ಹೋಗಿರುತ್ತದೆ. ಲ್ಯಾಪ್‌ಟಾಪ್ ಪರದೆ ಇಂಟೆಲ್ ಅಥವಾ ಎಎಂಡಿ ಚಿಪ್‌ನಿಂದ ಚೆನ್ನಾಗಿ ಬರುತ್ತಿರುತ್ತದೆ, ಹೊರಗಿನ ಮಾನಿಟರ್ ಮಾತ್ರ ಸತ್ತಿರುತ್ತದೆ. ಕೇಬಲ್ ಬದಲಾಯಿಸುತ್ತಾ ಕೂರಬೇಡಿ, ಎನ್ವಿಡಿಯಾ ಡ್ರೈವರ್ ಲೋಡ್ ಆಗಿದೆಯಾ ನೋಡಿ.

ಕೊನೆಗೆ ಬಂದ ಕೆಲವು ಪ್ರಶ್ನೆಗಳು

ಎನ್ವಿಡಿಯಾ ಕಂಪನಿಯ ವೆಬ್‌ಸೈಟಿನಿಂದ ಡ್ರೈವರ್ ಇಳಿಸಿ ಹಾಕಬಹುದಾ ಅಂತ ಒಬ್ಬರು ಕೇಳಿದರು. ಬೇಡ. ಆ ಇನ್‌ಸ್ಟಾಲರ್ ಪ್ಯಾಕೇಜ್ ಮ್ಯಾನೇಜರಿಗೆ ತಿಳಿಸದೆ ಫೈಲ್‌ಗಳನ್ನು ಇಡುತ್ತದೆ. ಮುಂದಿನ ಅಪ್‌ಡೇಟ್ ಅವುಗಳಲ್ಲಿ ಅರ್ಧದ ಮೇಲೆ ಬರೆದುಬಿಡುತ್ತದೆ, ಆಗ ಎರಡು ಆವೃತ್ತಿ ಕಲಸಿಹೋಗುತ್ತವೆ. ಉಬುಂಟುವಿನಲ್ಲಿ ಉಬುಂಟು ಡ್ರೈವರ್ಸ್, ಮಿಂಟ್‌ನಲ್ಲಿ ಡ್ರೈವರ್ ಮ್ಯಾನೇಜರ್, ಫೆಡೋರಾದಲ್ಲಿ ಆರ್‌ಪಿಎಂ ಫ್ಯೂಷನ್ ರೆಪಾಸಿಟರಿ ಇವೆ. ಈಗಾಗಲೇ ವೆಬ್‌ಸೈಟಿನದು ಹಾಕಿದ್ದರೆ, ಅದರದೇ ಅನ್‌ಇನ್‌ಸ್ಟಾಲ್ ಆಯ್ಕೆಯಿಂದ ಪೂರ್ತಿ ತೆಗೆದು ಆಮೇಲೆ ಡಿಸ್ಟ್ರೋದ್ದು ಹಾಕಿ.

ಸುಮ್ನೆ ರೀಇನ್‌ಸ್ಟಾಲ್ ಮಾಡಿದರೆ ಆಗುವುದಿಲ್ಲವಾ? ಕೆಲವೊಮ್ಮೆ ಆಗುತ್ತದೆ. ಆದರೆ ಅದಕ್ಕೆ ಮುಂಚೆ ಇನ್‌ಸ್ಟಾಲ್ ಮಾಡದೇ ಓಡುವ, ಅದೇ ಡಿಸ್ಟ್ರೋದ ಲೈವ್ ಯುಎಸ್‌ಬಿ ಹಾಕಿ ಬೂಟ್ ಮಾಡಿ ನೋಡಿ. ಲೈವ್‌ನಲ್ಲೂ ಅದೇ ತೊಂದರೆ ಬಂದರೆ ರೀಇನ್‌ಸ್ಟಾಲ್ ಮಾಡಿಯೂ ಪ್ರಯೋಜನ ಇಲ್ಲ ಅಂತ ಮೊದಲೇ ಗೊತ್ತಾಯಿತು. ಲೈವ್‌ನಲ್ಲಿ ಚೆನ್ನಾಗಿ ಬಂದರೆ ಹಾರ್ಡ್‌ವೇರ್ ಸರಿಯಿದೆ, ನಿಮ್ಮ ಇನ್‌ಸ್ಟಾಲಿನಲ್ಲಿ ಏನೋ ಇದೆ. ಯಾವಾಗಲೋ ಯಾರೋ ಹೇಳಿದರು ಅಂತ ಬರೆದಿಟ್ಟ ಹಳೆಯ ಎಕ್ಸ್‌ಆರ್ಗ್ (ಎಕ್ಸ್ ಸರ್ವರ್) ಕಾನ್ಫಿಗ್ ಫೈಲು ಇದ್ದರೆ ಮೊದಲು ಅದನ್ನು ಪಕ್ಕಕ್ಕೆ ಸರಿಸಿ. ಇವತ್ತಿನ ಬಹುತೇಕ ಯಂತ್ರಗಳಿಗೆ ಆ ಫೈಲು ಬೇಕಾಗಿಯೇ ಇಲ್ಲ.

ಇಂಟೆಲ್ ಲ್ಯಾಪ್‌ಟಾಪ್ ಪರದೆ ಮಿನುಗುತ್ತದೆ, ಕರ್ಸರ್ ಆಡಿಸಿದರೆ ಮಾತ್ರ ಸರಿಹೋಗುತ್ತದೆ ಅಂತ ಇನ್ನೊಬ್ಬರು. ಇದು ಪ್ಯಾನೆಲ್ ಸೆಲ್ಫ್ ರಿಫ್ರೆಶ್ ಇರುವ ಸಾಧ್ಯತೆ ಜಾಸ್ತಿ. ಚಿತ್ರ ಬದಲಾಗದಾಗ ಬ್ಯಾಟರಿ ಉಳಿಸಲು ಪರದೆ ತನ್ನ ಬಳಿ ಇರುವ ಚಿತ್ರವನ್ನೇ ತೋರಿಸುತ್ತಾ ಇರುತ್ತದೆ. ಗ್ರಬ್‌ನಲ್ಲಿ ಆ ಒಂದು ಬೂಟ್‌ಗೆ ಮಾತ್ರ ಐ915 ಚುಕ್ಕೆ ಎನೇಬಲ್ ಅಂಡರ್‌ಸ್ಕೋರ್ ಪಿಎಸ್‌ಆರ್ ಸಮ 0 ಅಂತ ಸೇರಿಸಿ ನೋಡಿ. ಮಿನುಗು ಹೋದರೆ ಕಾರಣ ಅದೇ. ಎಕ್ಸ್‌ಇ ಡ್ರೈವರ್ ಇದ್ದರೆ ಐ915 ಜಾಗದಲ್ಲಿ ಎಕ್ಸ್‌ಇ ಅಂತ ಬರೆಯಬೇಕು. ಬ್ಯಾಟರಿ ಸ್ವಲ್ಪ ಜಾಸ್ತಿ ಖರ್ಚಾಗುತ್ತದೆ, ಹಾಗಾಗಿ ಹೊಸ ಕರ್ನಲ್ ಬಂದಾಗಲೆಲ್ಲ ಅದನ್ನು ತೆಗೆದು ಪರೀಕ್ಷಿಸಿ.

ಬಗ್ ವರದಿ ಮಾಡುವುದು ಹೇಗೆ ಅನ್ನುವುದು ಕೊನೆಯ ಪ್ರಶ್ನೆ, ಅದನ್ನು ಕೇಳಿದ್ದಕ್ಕೆ ನನಗೆ ತುಂಬಾ ಖುಷಿಯಾಯಿತು. ಎಎಂಡಿ, ಇಂಟೆಲ್, ಮೆಸಾ ಮೂರಕ್ಕೂ ಫ್ರೀಡೆಸ್ಕ್‌ಟಾಪ್‌ನ ಗಿಟ್‌ಲ್ಯಾಬ್ ಸೈಟ್ ಇದೆ. ಎನ್ವಿಡಿಯಾ ಡ್ರೈವರ್ ಜೊತೆ ಲಾಗ್‌ಗಳನ್ನೆಲ್ಲ ಒಟ್ಟು ಮಾಡುವ ಒಂದು ಬಗ್ ರಿಪೋರ್ಟ್ ಸ್ಕ್ರಿಪ್ಟ್ ಬರುತ್ತದೆ, ಅದನ್ನು ತೊಂದರೆ ಆದ ಕೂಡಲೇ ಓಡಿಸಿ. ಕಾರ್ಡಿನ ಹೆಸರು, ಕರ್ನಲ್, ಮೆಸಾ ಆವೃತ್ತಿ, ಎಕ್ಸ್ ಅಥವಾ ವೇಲ್ಯಾಂಡ್, ಪೂರ್ತಿ ಕರ್ನಲ್ ಲಾಗ್ ಕೊಡಿ. ನಿಮಗೆ ಮುಖ್ಯ ಅನಿಸಿದ ನಾಲ್ಕು ಸಾಲು ಕತ್ತರಿಸಿ ಕೊಡಬೇಡಿ. ಎಲ್ಲಕ್ಕಿಂತ ಬೆಲೆಬಾಳುವುದು, ಯಾವ ಆವೃತ್ತಿಯಲ್ಲಿ ಸರಿಯಿತ್ತು, ಯಾವುದರಿಂದ ಕೆಟ್ಟಿತು ಅನ್ನುವ ಎರಡು ಸಂಖ್ಯೆ. ಮುಂಚೆ ನಡೆಯುತ್ತಿದ್ದದ್ದು ಈಗ ನಡೆಯುತ್ತಿಲ್ಲ ಅಂದರೆ ಕರ್ನಲ್‌ನವರು ಅದನ್ನು ಗಂಭೀರವಾಗಿ ತಗೊಳ್ಳುತ್ತಾರೆ. ಪುರುಸೊತ್ತು ಇದ್ದರೆ ಗಿಟ್ ಬೈಸೆಕ್ಟ್ ಮಾಡಿ. ಎರಡು ಆವೃತ್ತಿಗಳ ನಡುವೆ ಹತ್ತು ಸಾವಿರಕ್ಕೂ ಜಾಸ್ತಿ ಬದಲಾವಣೆಗಳಿದ್ದರೂ, ಪ್ರತಿ ಸಲ ಅರ್ಧಕ್ಕೆ ಇಳಿಸುತ್ತಾ ಹೋದರೆ ಸುಮಾರು 14 ಸಲ ಕರ್ನಲ್ ಕಟ್ಟಿ ಬೂಟ್ ಮಾಡುವಷ್ಟರಲ್ಲಿ ತಪ್ಪು ಮಾಡಿದ ಆ ಒಂದು ಬದಲಾವಣೆ ಸಿಗುತ್ತದೆ. ಅದಕ್ಕೆ ಪ್ರೋಗ್ರಾಮಿಂಗ್ ಬರಬೇಕಾಗಿಲ್ಲ. ಪ್ರತಿ ಬೂಟ್‌ಗೂ ಚಿತ್ರ ಬಂತಾ ಇಲ್ಲವಾ ಅಂತ ಉತ್ತರಿಸಿದರೆ ಸಾಕು.